ಗುರುವಾರದೊಳಗೆ

ಮುನ್ನೂರ ಹನ್ನೆರಡು ಪುಟ, ಬೆನ್ನು ಖಾಲಿ.
ಹಿಲರಿ ಪೊರ್ಬು ಪ್ರೆಸ್ಸಿನಿಂದ ಫೋನು ಮಾಡುತ್ತಾರೆ:
"ಗುರುವಾರದೊಳಗೆ ಹೇಳಿ ಮಾರಾಯ್ರೆ,
ಮುಖಪುಟಕ್ಕೆ ಚಿತ್ರ ಉಂಟು, ನಿಮ್ಮ ಹೆಸರು ಉಂಟು,
ಅದರ ಹೆಸರೇ ಇಲ್ಲ."

ಆರು ವರ್ಷ ಬರೆದೆ. ಬ್ಯಾಂಕಿನ ಲೆಡ್ಜರು ಮುಚ್ಚಿ ಬಂದ ಕೈ,
ಕೂಡಿಸಿ ಕಳೆದು ಕೊನೆಗೊಂದು ಗೆರೆ ಎಳೆದು ಗೊತ್ತು.
ಹೆಸರೆಂದರೆ ಗೆರೆಯ ಕೆಳಗಿನ ಮೊತ್ತ ಎಂದುಕೊಂಡಿದ್ದೆ.
ತಾಳೆಯಾಗುವುದಿಲ್ಲ.

ಮೆಸ್ಕಾಂ ಬಿಲ್ಲಿನ ಹಿಂದೆ ಬರೆದು ಹೊಡೆದು ಹಾಕಿದ್ದು:
ಆವಿಗೆಯ ಹೆಣ್ಣು. ಕ್ಯಾಲೆಂಡರಿನ ಚಿತ್ರದ ಹಾಗೆ.
ನೇತ್ರಾವತಿಯ ಜೇಡಿ. ಶಾಲೆಯ ಪ್ರಬಂಧ.
ಸುಟ್ಟ ಮೇಲೆ. ಅಕ್ಕ ಕೇಳಿದಳು, "ಅಡುಗೆ ಪುಸ್ತಕವಾ?"
ಒಂದು ಲಕ್ಷ ಹಂಚು. ಇದು ಎರಡು ದಿನ ಚೆನ್ನಾಗಿತ್ತು,
ಮೂರನೆಯ ದಿನ ಲೆಕ್ಕ ಹಾಕಿದೆ:
ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ಆರುನೂರು ಹೊತ್ತವಳಿಗೆ
ಲಕ್ಷವೆಂದರೆ ಮೊದಲ ವರ್ಷಕ್ಕೇ ಮುಗಿಯುತ್ತದೆ.

ಅವಳು ಬಾಗಿ. ನನ್ನ ಕಾದಂಬರಿಯವಳು.
ಜೆಪ್ಪುವಿನ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ಸವರಿ
ಹಲಗೆಯ ಮೇಲಿಟ್ಟು ಹೊತ್ತು ಒಣಗಲು ಒಯ್ಯುವವಳು.
ಪ್ರತಿ ಹಂಚಿನ ಬೆನ್ನಿಗೂ ಕಂಪನಿಯ ಹೆಸರು ಒತ್ತಿ ಬರುತ್ತಿತ್ತು.
ಓದಲು ಬಾರದು; ಆದರೆ ಬೆರಳಿಗೆ ಗೊತ್ತು
ಉಬ್ಬಿದ ಅಕ್ಷರಗಳಲ್ಲಿ ಯಾವುದು ಮುಕ್ಕಾಗಿದೆ ಎಂದು.

"ಅವಳ ಹೆಸರೇ ಇಡಿ" ಅಂದವರುಂಟು.
ಹಿಲರಿ ಒಪ್ಪಲಿಲ್ಲ. "ಬಾಗಿ ಅಂದರೆ ನಮಗೊಂದು ಹೆಂಗಸು,
ಘಟ್ಟದ ಮೇಲಿನವರಿಗೆ ಬಗ್ಗಿ ಎಂದರ್ಥ.
ಯಾರು ಬಗ್ಗಿದ್ದು, ಯಾಕೆ ಬಗ್ಗಿದ್ದು ಎಂದು ಕೇಳುತ್ತಾರೆ."

ಮಂಗಳವಾರ ಮಳೆ ತುಸು ಬಿಟ್ಟಿತು. ಮೀನಿಗೆಂದು ದಕ್ಕೆಗೆ ಹೋದೆ.
ಆಟಿ ತಿಂಗಳು, ಮೀನೆಲ್ಲಿ?
ಬೋಟುಗಳು ಸಾಲಾಗಿ ದಡಕ್ಕೆ ಕಟ್ಟಿಸಿಕೊಂಡು
ಮೈಗೆ ಬಣ್ಣ ಬಳಿಸಿಕೊಳ್ಳುತ್ತಿದ್ದವು.
ತೂಗುವ ಹಲಗೆಯ ಮೇಲೆ ಪೊಡಿಯಬ್ಬ, ಕನ್ನಡಕಕ್ಕೆ ನೂಲು,
ನೀಲಿ ಮೂತಿಯ ಮೇಲೊಂದು ಹಳದಿ ಹೆಸರು ತಿದ್ದುತ್ತಿದ್ದರು.
ಸುಮ್ಮನೆ ರೇಟು ಕೇಳಿದೆ.
"ಅಕ್ಷರಕ್ಕೆ ನಲ್ವತ್ತು. ಒತ್ತಕ್ಷರ ಇದ್ದರೆ ಹತ್ತು ಜಾಸ್ತಿ.
ನಿಮ್ಮದು ಎಷ್ಟಡಿಯ ಬೋಟು?"

ಬೋಟಲ್ಲ, ಪುಸ್ತಕ ಎಂದೆ. ಹೆಸರು ಸಿಗುತ್ತಿಲ್ಲ ಎಂದೆ.
ಬ್ರಶ್ಶನ್ನು ಸೀಮೆಎಣ್ಣೆಗೆ ಅದ್ದಿದರು, ನಗಲಿಲ್ಲ.
"ಚಂದ ನೋಡಬೇಡಿ. ಚಂದ ಮಾಡಲಿಕ್ಕೆ ನಾನಿದ್ದೇನೆ, ಬಣ್ಣ ಉಂಟು.
ರಾತ್ರಿ ಹನ್ನೆರಡಕ್ಕೂ ಒಂದು ಬೋಟು ಬರಲಿಲ್ಲ ಅಂತಿಟ್ಟುಕೊಳ್ಳಿ.
ವಯರ್‌ಲೆಸ್ಸಿನಲ್ಲಿ ಕರೆಯಬೇಕಲ್ಲ?
ಗಾಳಿ ಉಂಟು, ಗರಗರ ಉಂಟು, ಕರೆಯುವವನ ಗಂಟಲು ಒಣಗಿರುತ್ತದೆ.
ಆಗ ಬಾಯಿಗೆ ಬರಬೇಕು. ಹೆಸರಿರುವುದು ಅದಕ್ಕೆ."
ಮತ್ತೆ, "ಚಾ ಕುಡಿಯುತ್ತೀರಾ?"

ಬುಧವಾರ ರಾತ್ರಿ ಪಾತ್ರೆ ತೊಳೆದು
ಅಡುಗೆಮನೆಯ ಕಿಟಕಿ ತೆರೆದೆ. ಹೊರಗೆ ಕತ್ತಲು, ಮಳೆ.
ಆವಿಗೆಯ ಹೆಣ್ಣೇ, ಎಂದೆ. ನನಗೇ ನಾಚಿಕೆ.
ನೇತ್ರಾವತಿಯ ಜೇಡಿ ಸೂರಂಚಿನ ನೀರಲ್ಲೇ ಕರಗಿತು.
ಲಕ್ಷ ಹಂಚನ್ನು ಯಾರು ಕರೆಯುತ್ತಾರೆ?
ಆಮೇಲೆ, ಬಾಗೀ...
ಉಸಿರಿರುವಷ್ಟೂ ಎಳೆಯಬಹುದು ಅದನ್ನು.
ಪಕ್ಕದ ಗ್ರೇಸಿಬಾಯಿಯ ನಾಯಿ ಬೊಗಳಿತು,
ಕೆಳಗಿನ ಫ್ಲ್ಯಾಟಿನಲ್ಲಿ ದೀಪ ಹತ್ತಿತು.
ಯಾರೂ ಓಗೊಡಲಿಲ್ಲ.

ಆಗ ನೆನಪಾಯಿತು, ಇನ್ನೂರ ನಾಲ್ಕನೆಯ ಪುಟ.
ಆವಿಗೆಯ ಗೋಡೆ ಕುಸಿದ ದಿನ
ಹೊಗೆಯೊಳಗೆ ನುಗ್ಗಿದ ಮೇಸ್ತ್ರಿ ಕೂಗುವುದು ಇದನ್ನೇ.
ನಾನೇ ಬರೆದದ್ದು. ಮರೆತಿದ್ದೆ.

ಗುರುವಾರ ಹತ್ತೂಕಾಲು. "ಎರಡಕ್ಷರ" ಎಂದೆ, "ಒತ್ತಿಲ್ಲ."
"ಅಯ್ಯೋ ಮತ್ತೆ ಅದೇ! ಯಾರು, ಯಾಕೆ ಎಂದು ಕೇಳಿದರೆ?"
"ಕೇಳಲಿ. ಮುನ್ನೂರ ಹನ್ನೆರಡು ಪುಟ ಉಂಟಲ್ಲ."
ಹಿಲರಿ ಬರೆದುಕೊಳ್ಳುವ ಸದ್ದು. ಪೆನ್ನು ನಿಂತಿತು.
"ಗಿ ದೀರ್ಘವೋ, ಹ್ರಸ್ವವೋ?"

ಅಚ್ಚಿಗೆ ಹ್ರಸ್ವವೇ ಇರಲಿ ಎಂದೆ.
ಕರೆಯುವವರು ಎಳೆದುಕೊಳ್ಳುತ್ತಾರೆ.