ಹೊರಕ್ಕೆ ತೆರೆಯುವ ಬಾಗಿಲು

ಕೀಲಿ ನನ್ನ ಹತ್ತಿರವೇ ಇರುತ್ತದೆ. ಫೋನು ಮಾಡಿ ಬನ್ನಿ.
ಕಾರವಾರ, ಕಾಜುಬಾಗದ ಒಳರಸ್ತೆ. ಸೋಡಾ ಫ್ಯಾಕ್ಟರಿ ಇತ್ತಲ್ಲ,
ಈಗ ಅಲ್ಲಿ ಆರು ಮಹಡಿ, ಕೆಳಗೆ ಮೊಮೊ ಅಂಗಡಿ,
ಅದರ ಎದುರಿಗೆ. ಗುರುತು ತಪ್ಪುವುದಿಲ್ಲ,
ಇಡೀ ಸಾಲಿನಲ್ಲಿ ಹೆಂಚು ಉಳಿದದ್ದು ಇದೊಂದಕ್ಕೇ.

ಹತ್ತಿ ಮೂಟೆ ಹಡಗೇರುತ್ತಿದ್ದ ಕಾಲದಲ್ಲಿ
ಯಾರೋ ದಲಾಲಿ ಕಟ್ಟಿಸಿದ್ದಂತೆ. ನನ್ನ ಕಸುಬಿನವನೇ.
ಆಮೇಲೆ ಗೋದಾಮು, ಆಮೇಲೆ ಟೈಪಿಂಗ್ ಕ್ಲಾಸು,
ಆಮೇಲೆ ಹದಿನಾಲ್ಕು ವರ್ಷ ಕೋರ್ಟು ಮತ್ತು ಪಾರಿವಾಳ.
ಮಡಗಾಂವಿನ ಆರ್ಕಿಟೆಕ್ಟ್ ಒಬ್ಬ ಕೊಂಡ,
ಮೂರು ಮಳೆಗಾಲ ಕೆರೆದ, ಬಳಿದ,
ಚಿಪ್ಪು ಸುಟ್ಟ ಸುಣ್ಣವೇ ಬೇಕೆಂದು ಹಟ ಹಿಡಿದ.
ಕಿಟಕಿಗೂ ಗಾಜಲ್ಲ, ತೆಳು ಚಿಪ್ಪು;
ಮಧ್ಯಾಹ್ನ ಒಳಗೆ ಬೆಳಕು ಮಜ್ಜಿಗೆಯಂತೆ ನಿಲ್ಲುತ್ತದೆ.
ಈ ಮಾತು ನನ್ನದು. ಜಾಹೀರಾತಿಗೆ ಬೇಡ ಅಂದ,
‘ಹೆರಿಟೇಜ್’ ಅಂತ ಹಾಕು, ಸಾಕು ಅಂದ.

ಎರಡು ಕೋಟಿ ಹತ್ತು. ಕೂತು ಮಾತಾಡಬಹುದು.

ನೇವಿಯವರೊಬ್ಬರು ಬಂದರು, ಪಾರ್ಕಿಂಗ್ ಕೇಳಿದರು.
ಇನ್ನೊಬ್ಬರು ಬಾವಿ ಈಶಾನ್ಯಕ್ಕಿಲ್ಲವೆಂದು ಮೆಟ್ಟಿಲೇ ಏರಲಿಲ್ಲ.
ಇಬ್ಬರು ಹುಡುಗಿಯರು ಕೊಳ್ಳುವವರ ಹಾಗೆ ಬಂದು
ಚಿಪ್ಪಿನ ಕಿಟಕಿಯೆದುರು ನಾಲ್ಕು ಸೀರೆ ಬದಲಿಸಿ
ರೀಲ್ಸ್ ಮಾಡಿಕೊಂಡು ಹೋದರು.

ಕಳೆದ ಗುರುವಾರ ಶೈಲಾ ತಾಂಡೇಲ.
ಅಂಕೋಲೆಯ ಸೊಸೈಟಿಯಲ್ಲಿ ಮ್ಯಾನೇಜರು,
ಹೋಮ್‌ಸ್ಟೇ ಮಾಡುವ ಲೆಕ್ಕ. ಜೊತೆಗೆ ಅಪ್ಪ, ಗಣಬಾ.
ನೌಕಾನೆಲೆಯ ಬೇಲಿಯೊಳಗೆ ಹೋದ ಊರಿನವರು;
ಹೆಚ್ಚಿನ ಪರಿಹಾರ ಕೈಗೆ ಬಂದದ್ದು ಮೊನ್ನೆ ಮೊನ್ನೆ,
ಪಡೆಯಬೇಕಾದವರಲ್ಲಿ ಅರ್ಧ ಜನ ಹೋದ ಮೇಲೆ.

ಮಗಳು ಮಹಡಿಗೆ ಹೋಗಿ ಕೋಣೆ ಅಳೆದಳು.
ಮುದುಕ ಒಳಗೇ ಬರಲಿಲ್ಲ.
ಜಗಲಿಯ ಮೇಲೆ ಚಪ್ಪಲಿ ಬಿಟ್ಟು, ಬಾಗಿಲ ಮುಂದೆ ಕುಕ್ಕರಿಸಿ
ಕೆಳಗಿನ ಹಲಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.
ತೇಗ, ಅಜ್ಜಾ, ನೂರಿಪ್ಪತ್ತು ವರ್ಷದ್ದು ಅಂದೆ.
‘ಹಲಸು’ ಅಂದ.

ಪಾಲಿಶಿನ ಕೆಳಗೆ ಕತ್ತಿಯ ತುದಿಯ ಗೀಟುಗಳು,
ಐದೈದರ ಕಟ್ಟು. ಇಷ್ಟು ದಿನ
ನಾನು ಅದನ್ನು ಕೆತ್ತನೆ ಅಂತ ತೋರಿಸುತ್ತಿದ್ದೆ.
‘ನನ್ನವು. ಹಗ್ಗದ ಸಾಲ.
ಕೊನೆಯ ಎರಡು ತೀರಿಸಿಲ್ಲ.’

ಊರು ಬಿಡುವ ದಿನ ಗುಜರಿಯವ ಲಾರಿ ತಂದಿದ್ದನಂತೆ.
ಜಂತಿ, ಹೆಂಚು, ಬಾಗಿಲು ಎಲ್ಲ ಸೇರಿ ಎಂಟುನೂರು.
ಆಗಿನ ಲೆಕ್ಕಕ್ಕೆ ಒಳ್ಳೇ ರೇಟು, ಅಂದ,
ನನಗೇ ಸಮಾಧಾನ ಹೇಳುವ ಹಾಗೆ.

ಎದ್ದು ನಿಂತು ಎಳೆದ, ಮುಚ್ಚಿದ, ಮತ್ತೆ ಎಳೆದ.
‘ತಿರುಗಿಸಿ ಕೂರಿಸಿದ್ದೀರಿ. ಇದು ಒಳಕ್ಕೆ ತೆರೆಯುವ ಬಾಗಿಲು.
ಕೈತುಂಬ ಬುಟ್ಟಿ ಇದ್ದಾಗ ಭುಜದಿಂದ ತಳ್ಳಬೇಕಲ್ಲ?
ಗೀಟು ಒಳಮೈಗೆ ಇದ್ದವು.
ಈಗ ನೋಡು, ನಮ್ಮ ಸಾಲ ರಸ್ತೆಗೆ ಕಾಣುತ್ತಿದೆ.’
ಅಂದು ನಕ್ಕ. ಮುಂದಿನ ಒಂದು ಹಲ್ಲು ಇರಲಿಲ್ಲ.

ಶೈಲಾ ಇಳಿದು ಬಂದಳು. ಬಾತ್‌ರೂಮು ಚಿಕ್ಕದು,
ಅಟ್ಯಾಚ್ಡ್ ಎರಡೇ, ಗಿಟ್ಟುವುದಿಲ್ಲ ಅಂದಳು.
ಅವನು ಮಗಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.
ಚಪ್ಪಲಿ ಮೆಟ್ಟಲು ಬಾಗಿದಾಗ
ಮತ್ತೊಮ್ಮೆ ಹಲಗೆ ಮುಟ್ಟಿದನೋ,
ಬರೀ ಆಸರೆಗೆ ಹಿಡಿದನೋ.

ಸಂಜೆ ಆರ್ಕಿಟೆಕ್ಟಿಗೆ ಫೋನು ಹಾಕಿದೆ.
ಬೆಳಗಾವಿಯ ಅಂಗಡಿಯದ್ದು, ಒಂದೂವರೆ ಲಕ್ಷ ಬಿತ್ತು,
ಬಾಗಿಲೊಂದನ್ನೇ ಕೊಡುವುದಿಲ್ಲ, ಅಂದ.
ನಾನು ಕೇಳಿದ್ದು ಅದನ್ನಲ್ಲ.
ಏನು ಕೇಳಬೇಕೆಂದು ಫೋನು ಹಾಕಿದೆನೋ
ಅದೂ ಸರಿಯಾಗಿ ಗೊತ್ತಿರಲಿಲ್ಲ. ಇಟ್ಟೆ.

ನನಗೆ ಶೇಕಡಾ ಎರಡು. ವರ್ಷದ ಬಾಡಿಗೆ,
ಮಗನ ಫೀಸು, ಸ್ಕೂಟರಿನ ಬಾಕಿ ಕಂತು.
ಆದ್ದರಿಂದ ನಿನ್ನೆ ಹುಬ್ಬಳ್ಳಿಯ ಡಾಕ್ಟರ್ ದಂಪತಿ ಬಂದಾಗ
ಇಸ್ತ್ರಿಯ ಸೀರೆ ಉಟ್ಟೇ ಹೋಗಿದ್ದೆ.
ಕೀಲಿ ತಿರುಗಿಸಿ, ಭುಜ ಕೊಟ್ಟು ತಳ್ಳಿದೆ.
ಮಿಸುಕಲಿಲ್ಲ.

‘ಎಳೀಬೇಕೇನೋ?’ ಅಂದರು ಆಕೆ, ಮೆಲ್ಲಗೆ.
ಎಳೆದೆ.
ಹಲಸು, ಅಂದೆ,
ಯಾರೂ ಕೇಳಿರಲಿಲ್ಲ.