ಊದದೆ ಕೊಂಡದ್ದು

ಬದನೆಕಾಯಿಗೂ ತೊಟ್ಟು ನೋಡುತ್ತೇನೆ ನಾನು.
ಹಲಸನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತೇನೆ.
ಗಾಂಧಿ ಬಜಾರಿನಲ್ಲಿ ಮಣ್ಣಿನ ಕೊಡವನ್ನೂ
ಬಾರಿಸಿ ನೋಡದೆ ದುಡ್ಡು ಕೊಟ್ಟವನಲ್ಲ.
ಅಂಥ ನಾನು, ಇನ್ನಾಸಪ್ಪ,
ಸೀಗೆಹಟ್ಟಿ ಬ್ಯಾಂಡ್ ಸೆಟ್ಟಿನ ಎರಡನೇ ಟ್ರಂಪೆಟ್ಟು,
ಹನ್ನೊಂದು ಸಾವಿರ ಮುರಿಸಿಕೊಂಡು ಚೀಟಿ ಎತ್ತಿ
ಕಾಣದ ಊರಿನ ಕಾಣದ ಅಂಗಡಿಯಿಂದ
ತುಟಿ ಸೋಕಿಸದ ಹಿತ್ತಾಳೆ ಕೊಂಡೆ.

ಭಾವಮೈದ ಚೌರಪ್ಪ ಸರಕು ಹಡಗಿನ ಅಡುಗೆಯವನು.
ಹ್ಯಾಂಬರ್ಗಿನಲ್ಲಿ ಎರಡು ದಿನ ಲಂಗರು.
ಅಂಗಡಿಯ ಮುದುಕಿ ಅವನ ಫೋನಿನ ಮುಂದೆ ನಿಂತು
ಒಂದೇ ಒಂದು ಸ್ವರ ಊದಿದಳು.
ನಾನಿದ್ದದ್ದು ಬಸ್ ಸ್ಟ್ಯಾಂಡಿನಲ್ಲಿ.
ಸಾಗರ, ಸಾಗರ, ಸಾಗರ ಎಂದು ಕಂಡಕ್ಟರ್ ಕೂಗುತ್ತಿದ್ದ.
ಅಷ್ಟು ಸಾಗರಗಳ ಆಚೆಯಿಂದ ಎಳೆಯಷ್ಟು ಏನೋ ಕೇಳಿತು.
"ಹೇಗಿದೆ ಭಾವ?"
"ತಗೋ" ಎಂದೆ.
ಕೇಳಿದ್ದು ಅದೋ, ಯಾವುದೋ ಬಸ್ಸಿನ ಬ್ರೇಕೋ,
ಇವತ್ತಿಗೂ ಗೊತ್ತಿಲ್ಲ.

ನಾಲ್ಕು ತಿಂಗಳು ನೀರು ಸುತ್ತಿ,
ಮಂಗಳೂರಿನಲ್ಲಿ ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು,
ಮಸಾಲೆಪುಡಿಯ ವಾಸನೆ ಹೊತ್ತು
ಆಷಾಢದಲ್ಲಿ ಬಂತು. ಲಗ್ನಗಳಿಲ್ಲದ ತಿಂಗಳು.

ನೀಲಿ ಮಖಮಲ್ಲು. ಹೊಸದಲ್ಲ.
ಎಡ ಹೆಬ್ಬೆರಳಿನ ಜಾಗದಲ್ಲಿ ಮೆರುಗು ಸವೆದು
ಕಾಸಿನಗಲ ಬೋಳು. ಯಾರೋ ನಲವತ್ತು ವರ್ಷ ಹಿಡಿದದ್ದು.
ನನ್ನ ಹೆಬ್ಬೆರಳು ಅರ್ಧ ಬೆರಳು ಆಚೆ ಕೂತಿತು,
ಸೀಟಿನ ಮೇಲೆ ಇನ್ನೊಬ್ಬರ ಟವೆಲ್ಲು ಕಂಡವನ ಹಾಗೆ.

ಕೋರ್ಪಲಯ್ಯನ ಛತ್ರದ ಹತ್ತಿರ, ತುಂಗೆಯ ದಂಡೆ, ಬೆಳಗಿನ ಐದೂವರೆ.
ಮೊದಲು ಬರೀ ಗಾಳಿ. ಆಮೇಲೆ ಸ್ವರ.
ಹಳೆಯದಕ್ಕೆ ಎಷ್ಟು ಕೊಟ್ಟರೂ ಕಾಲುಭಾಗ ಸೋರಿಹೋಗುತ್ತಿತ್ತು,
ತಪ್ಪೂ ಅದರ ಜೊತೆಗೇ.
ಇದು ಸೋರುವುದಿಲ್ಲ.
ಇಪ್ಪತ್ತಾರು ವರ್ಷ ಡ್ರಮ್ಮಿನ ಕೆಳಗೆ ಮುಚ್ಚಿಟ್ಟದ್ದೊಂದು
ಆಚೆ ದಡ ಮುಟ್ಟಿ, ಅಷ್ಟೇ ಸ್ವಚ್ಛವಾಗಿ ವಾಪಸು ಬಂತು.
ಬಟ್ಟೆ ಸೆಣೆಯುತ್ತಿದ್ದವಳು ತಲೆ ಎತ್ತಿದಳು.
ಊದದೆ ಕೊಂಡೆ, ಸರಿ.
ಅದೂ ಪಾಪ, ನನ್ನನ್ನು ಕೇಳದೆ ಬಂದಿದೆಯಲ್ಲ.

ದುರ್ಗಿಗುಡಿಯ ಕಾಳಾಚಾರಿ, ಸ್ಟವ್ ರಿಪೇರಿ,
ನನ್ನ ಹಳೆಯದಕ್ಕೆ ಹದಿನೇಳು ಬೆಸುಗೆ ಹಾಕಿದವನು,
ಕನ್ನಡಕ ಹಣೆಗೇರಿಸಿ ತಿರುಗಿಸಿ ತಿರುಗಿಸಿ ನೋಡಿದ.
ಜೋಡಿಸಿದ ಗೆರೆ ಎಲ್ಲೂ ಸಿಗಲಿಲ್ಲ.
"ಇದಕ್ಕೆ ನನ್ನ ಹಂಗಿಲ್ಲ ಬಿಡು" ಎಂದು ಚಹಾ ತರಿಸಿದ.
ದುಡ್ಡೂ ಅವನೇ ಕೊಟ್ಟ, ಎಂದೂ ಇಲ್ಲದ್ದು.

ಹನ್ನೆರಡನೇ ದಿನಕ್ಕೆ ಹೋದ.
ಮದುವೆ ಪಂಚಾಂಗ ಕೇಳುತ್ತದೆ, ಇದು ಕೇಳುವುದಿಲ್ಲ.
"ಬ್ಯಾಂಡ್ ಇರ್ಲಿ ಅಂದಿದ್ರು" ಎಂದು ಮಗಳು ಬಾಗಿಲಲ್ಲಿ ನಿಂತಳು.
ಹೊಸದನ್ನೇ ಹಿಡಿದು ಹೊರಟೆ.
ನಮ್ಮ ಸೆಟ್ಟಿನ ಶ್ರುತಿ ಎಂದಿನಿಂದಲೂ ಕೂದಲೆಳೆ ಮೇಲೆ.
ಇದು ತನ್ನ ಜಾಗ ಬಿಡಲೊಲ್ಲದು.
ಕ್ಲಾರಿನೆಟ್ಟಿನ ಗೌಸ್ ಪೀರ್ ಹೊರಳಿ ನೋಡಿದ.
ಡ್ರಮ್ಮಿನ ಹುಡುಗರು ನಕ್ಕರು, ಹೆಣದ ಮುಂದೆಯೇ.
ಕೋಟೆ ರಸ್ತೆಯ ತಿರುವಿನಲ್ಲಿ
ಹೊಸದನ್ನು ಒಬ್ಬ ಹುಡುಗನ ಕಂಕುಳಿಗೆ ಕೊಟ್ಟು
ಚೀಲದಿಂದ ಹಳೆಯದನ್ನು ತೆಗೆದೆ.
ಬೆಸುಗೆಯ ಗಂಟುಗಳು ಬೆರಳಿಗೆ ಸಿಕ್ಕವು, ಒಂದೊಂದೇ.
ಏಳನೆಯದು ಬಿಟ್ಟಿತ್ತು.
ಅಲ್ಲಿಂದ ಸೋರಿದ ಉಸಿರು
ಹೊಳೆಯವರೆಗೂ ನನ್ನ ಮುಂಗೈಗೆ ಬೀಸುತ್ತಿತ್ತು.

ರಾತ್ರಿ ಚೌರಪ್ಪನ ಫೋನು, ಹಿಂದೆ ಎಂಜಿನ್ನಿನ ಗದ್ದಲ.
"ಹೇಗಿದೆ ಭಾವ?"
"ಎರಡನೇ ಗುಂಡಿ ಬಹಳ ನಯ" ಎಂದೆ.
"ಏನು? ಕೇಳಿಸ್ತಿಲ್ಲ."
ತೊಡೆಯ ಮೇಲಿತ್ತು. ಒರೆಸುತ್ತಿದ್ದೆ,
ಆ ಯಾರದೋ ಹೆಬ್ಬೆರಳಿಗೂ ನನ್ನದಕ್ಕೂ ನಡುವೆ.
ಶ್ರಾವಣಕ್ಕೆ ಇನ್ನೂ ಒಂಬತ್ತು ದಿನ.