ದಮ್ಮು

ಬೆಳಿಗ್ಗೆ ಅರ್ಧ ಕೀಲಿಗೇ ಏಳುತ್ತದೆ, ಎಂದರು ಹಾಜಿ ಮಿರ್ಜಾ.
ಎಂಬತ್ತಮೂರರ ಬೆಂಜ್, ಖರ್ಜೂರದ ಬಣ್ಣ, ಮರ್ಯಾದಸ್ಥ ಗಾಡಿ.
ಮೀನುಪೇಟೆ ಎದುರು ಹತ್ತು ನಿಮಿಷ ನಿಲ್ಲಿಸಿ ಬಂದರೆ ಸಾಕು
ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸುತ್ತದೆ.
ಡಿಕ್ಕಿಯಲ್ಲಿ ಹಾಮೂರು ನಾರುವ ತನಕ ಕಾಯಬೇಕು.

ಅದಕ್ಕೇ ಮೇ ತಿಂಗಳಿಂದ ಎಂಜಿನ್ ಆರಿಸುವುದನ್ನೇ ಬಿಟ್ಟಿದ್ದಾರೆ.
ಕ್ಷೌರದಂಗಡಿ ಮುಂದೆ, ಬ್ಯಾಂಕಿನ ಮುಂದೆ,
ಭಾವನನ್ನು ಮಣ್ಣಿಗಿಟ್ಟ ದಿನ ಗೋರಿಗಳ ಗೋಡೆಯಾಚೆಗೂ
ಗುರುಗುರು ಎನ್ನುತ್ತಲೇ ನಿಂತಿತ್ತಂತೆ.

ನನಗಿಂತ ಮೊದಲು ಮೂವರು ನೋಡಿದ್ದಾರೆ.
ಒಬ್ಬ ಪ್ಲಗ್ಗು ಬದಲಿಸಿದ, ಒಬ್ಬ ಪಂಪು.
ಮೂರನೆಯವನು ಕಂಪ್ಯೂಟರ್ ಹಿಡಿದುಕೊಂಡು ಬಂದು
ಸಿಕ್ಕಿಸುವ ತೂತು ಹುಡುಕಿ ಹುಡುಕಿ
ಮಾರಿಬಿಡಿ ಹಾಜಿ, ಎಂದ.

ಸಲ್ಮಾಬಾದಿನಲ್ಲಿ ಜುಲೈ ಮಧ್ಯಾಹ್ನ.
ಬಿಸಿಲಲ್ಲಿ ಯಾರೂ ದುಡಿಯಕೂಡದೆಂದು ಕಾನೂನಿದೆ.
ತಗಡಿನ ಕೆಳಗೆ ದುಡಿಯಬಹುದು.
ಗೇಜು ಕಟ್ಟಿದೆ. ಓಡುವಾಗ ಐದು ಬಾರ್, ಸರಿ.
ಬಿಸಿಯಾದ ಮೇಲೆ ಕಂಟ್ರೋಲ್ ಪ್ರೆಶರ್ ಮೂರೂವರೆ, ಅದೂ ಸರಿ.
ಆರಿಸಿದೆ.
ಕೈ ಒರೆಸಿಕೊಳ್ಳುವಷ್ಟರಲ್ಲಿ
ಮುಳ್ಳು ಸೊನ್ನೆಗೆ ಮಲಗಿತ್ತು.

ಎಲ್ಲಿಗೆ ಹೋಯಿತು?
ಆರೂ ಇಂಜೆಕ್ಟರ್ ಬಿಚ್ಚಿ ಆರು ಸುಲೈಮಾನಿ ಲೋಟಗಳಿಗೆ ಇಳಿಬಿಟ್ಟೆ.
ಒಂದೂ ಜಿನುಗಲಿಲ್ಲ.
ಪಂಪಿನ ವಾಲ್ವು ಹೊಸತು, ಹಿಂದಕ್ಕೆ ಬಿಡುವುದಿಲ್ಲ.
ಆಮೇಲೆ ಬೆನ್ನಡಿ ರಟ್ಟು ಹಾಸಿ ಟ್ಯಾಂಕಿನ ಪಕ್ಕಕ್ಕೆ ತೆವಳಿದೆ.
ಅಲ್ಲೊಂದು ಡಬ್ಬಿ, ಕಾಲು ಕಿಲೋ ಹಲ್ವಾ ಹಿಡಿಯುವಷ್ಟು,
ಒಳಗೆ ಸ್ಪ್ರಿಂಗು, ರಬ್ಬರಿನ ಒಂದು ಪೊರೆ.
ಗಾಡಿ ನಿಂತ ಮೇಲೂ ಪೆಟ್ರೋಲನ್ನು ಅದುಮಿ ಹಿಡಿಯುವುದು ಅದರ ಕೆಲಸ.
ಹಿಡಿಯದಿದ್ದರೆ ಕಾದ ಕೊಳವೆಯಲ್ಲಿ ಎಲ್ಲ ಹಬೆ.
ಹಿಂದಿನ ಸಣ್ಣ ನಳಿಕೆ ಎಳೆದು ಬೆರಳಿಟ್ಟೆ.
ಒಣಗಿರಬೇಕಿತ್ತು.
ಒದ್ದೆ.

ದಮ್ಮು ಕಟ್ಟುವುದಕ್ಕೆ ನನ್ನ ಗ್ಯಾರೇಜಿನ ಅರಬಿಯಲ್ಲಿ ಪದವಿಲ್ಲ.
ಕೆನ್ನೆ ಉಬ್ಬಿಸಿದೆ. ಪೆಟ್ರೋಲು ನಾರುವ ಎರಡು ಬೆರಳಲ್ಲಿ
ಮೂಗು ಹಿಡಿದೆ. ಗಾಡಿ ತೋರಿಸಿ ಉಸ್ಸೆಂದು ಬಿಟ್ಟೆ.
ಸಿತ್ರಾದ ಎಣ್ಣೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಾಲ್ವು ತಿರುಗಿಸಿದವರು
ಗೇಜು ನೋಡಲಿಲ್ಲ, ನನ್ನ ಮೂಗು ನೋಡಿದರು.
ನನ್ನಜ್ಜ, ಎಂದರು.
ಎಲುಬಿನ ಚಿಮಟ ಮೂಗಿಗೆ, ಕಲ್ಲು ಕಾಲಿಗೆ,
ಕಿವಿ ಎರಡೂ ಹೋಗಿದ್ದವು.
ಮುತ್ತು?
ನಮ್ಮ ಮನೆಯಲ್ಲಿ ಉಳಿದದ್ದು ಸಾಲದ ಪುಸ್ತಕ.

ಡಬ್ಬಿ ಹತ್ತೊಂಬತ್ತು ದಿನಕ್ಕೆ ಬಂತು.
ಅರವತ್ತೆಂಟು ದಿನಾರ್. ಹಾಜಿ ರಟ್ಟಿನ ಪೆಟ್ಟಿಗೆಯನ್ನೂ ಬಿಡದೆ ಇಸಕೊಂಡರು.
ಕೂರಿಸಿ, ಗೇಜಿನ ಪೈಪನ್ನು ಬಾನೆಟ್ಟಿನ ಸಂದಿಯಿಂದ ತಂದು
ಗಾಜಿಗೆ ಟೇಪು ಹೊಡೆದು, ಸಿತ್ರಾ ರಸ್ತೆಗೆ ಹೊಡೆದೆವು.
ಒಂದು ಗೇಣು ನೆರಳಿಲ್ಲದ ಕಡೆ ನಿಲ್ಲಿಸಿ
ಆರಿಸಿ, ಅಂದೆ.
ಆರಿಸಿದರು. ತಿಂಗಳುಗಳ ಮೇಲೆ ಮೊದಲ ಸಲ
ಆ ಗಾಡಿಯೊಳಗೆ ಸದ್ದಿಲ್ಲ.

ಇಪ್ಪತ್ತು ನಿಮಿಷ ಕಾಯಬೇಕು.
ಮೂರು. ಮುಳ್ಳು ಕೊಂಚ ನಡುಗಿತು. ಎರಡೂ ಮುಕ್ಕಾಲು.
ಅಂಬಿಗ ಅಂದರೇನು, ನಿನ್ನ ಕಾರ್ಡಿನಲ್ಲಿದೆಯಲ್ಲ, ಎಂದರು.
ದೋಣಿಯವನು, ಅಂದೆ. ನಾನಲ್ಲ.
ಅಘನಾಶಿನಿ ಅಳಿವೆಯಲ್ಲಿ ಅವ್ವಿ ಬಳಚು ತೆಗೆಯುತ್ತಿದ್ದಳು.
ಅವಳು ಮುಳುಗಿದ ಕೂಡಲೇ ನಾನು ದಂಡೆಯಲ್ಲಿ ಎಣಿಸುವುದು.
ಇಪ್ಪತ್ತರ ಮುಂದಿನ ಲೆಕ್ಕ ಬರುತ್ತಿರಲಿಲ್ಲ,
ಮತ್ತೆ ಒಂದರಿಂದ.

ಎರಡೂವರೆ.
ಅಲ್ಲೇ ನಿಂತಿದೆ.
ಕೀಲಿ ಹಾಜಿಯ ಕೈಯಲ್ಲಿ, ಬೆವರು ಗಡ್ಡದ ತುದಿಯಲ್ಲಿ.
ಆಯಿತು ಹಾಜಿ, ಹಾಕಿ, ಅಂದೆ.
ಇರು, ಎಂದರು,
ಇನ್ನೊಂದೈದು ನಿಮಿಷ.